ವೀಸಾ ಮಾರಾಟಕ್ಕಿಲ್ಲ: ಹೊರದೇಶದ ಸುಗ್ಗಿ ಕೆಲಸಕ್ಕೆ ಹೊರಟವರಿಗೆ ಕೆಲವು ಮಾತು

(ಕಲಬುರಗಿಯಲ್ಲಿ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಕಾರ್ಮಿಕರ ಕೇಸು ನೋಡುವ ವಕೀಲನಾದ್ದರಿಂದ ಹೊರದೇಶಕ್ಕೆ ಹೋಗಬೇಕೆನ್ನುವ ಹುಡುಗರು ನನ್ನ ಹತ್ತಿರ ಬರುತ್ತಾರೆ. ಕುರ್ಚಿಯಲ್ಲಿ ಸರಿಯಾಗಿ ಕೂಡುವ ಮೊದಲೇ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಎಷ್ಟ್ ಕೊಟ್ರ ವೀಸಾ ಆತದ್ರಿ?" ಇಂಗ್ಲೆಂಡಿನ ಸ್ಟ್ರಾಬೆರಿ ತೋಟ ಇರಲಿ, ಕೆನಡಾದ ಸೇಬಿನ ತೋಟ ಇರಲಿ, ಇಟಲಿಯ ದ್ರಾಕ್ಷಿ ತೋಟ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ಈ ಪ್ರಶ್ನೆಯನ್ನು ನೀವು ಕೇಳಿದಿರೆಂದರೆ ಎದುರಿಗಿರುವ ದಲ್ಲಾಳಿಗೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಇವತ್ತು ಈ ಪ್ರಶ್ನೆಯನ್ನೇ ಬದಲಾಯಿಸೋಣ ಎಂದು ಬಂದಿದ್ದೇನೆ. ಕೇಳಬೇಕಾದದ್ದು ಇಷ್ಟು: "ನನ್ನನ್ನು ಕರೆಯುತ್ತಿರುವ ಮಾಲೀಕ ಯಾರು? ಕರೆಯಲು ಅವನಿಗೆ ಪರವಾನಗಿ ಕೊಟ್ಟವರು ಯಾರು?"

ಹೊರದೇಶದ ಹೊಲದ ಕೆಲಸದ ಕಾಗದ ಹುಟ್ಟುವುದು ನಮ್ಮ ಊರಲ್ಲಿ ಅಲ್ಲ. ಅಲ್ಲಿಯ ರೈತನಿಗೆ ಹಣ್ಣು ಬಿಡಿಸಲು ಆಳು ಬೇಕು. ಸ್ಥಳೀಯರು ಸಿಗುತ್ತಿಲ್ಲ. ಅವನು ತನ್ನ ಸರ್ಕಾರಕ್ಕೆ ಅದನ್ನು ತೋರಿಸಿಕೊಡಬೇಕು, ಅಥವಾ ಸರ್ಕಾರ ಮೊದಲೇ ಒಪ್ಪಿದ ಯೋಜನೆಯೊಳಗೆ ಆಳು ಕೇಳಬೇಕು. ಒಪ್ಪಿಗೆ ಸಿಕ್ಕ ಮೇಲೆ ನಿಮ್ಮ ಹೆಸರು ಬರುತ್ತದೆ, ಆಮೇಲೆ ವೀಸಾ ಅರ್ಜಿ. ಪ್ರಾಯೋಜಕತ್ವ, ಅಂದರೆ ನೀವೆಲ್ಲ ಹೇಳುವ ಸ್ಪಾನ್ಸರ್‌ಶಿಪ್, ಈ ಕ್ರಮದಲ್ಲೇ ನಡೆಯುತ್ತದೆ. ನಡುವೆ ನಿಂತ ದಲ್ಲಾಳಿಯ ಕೈಯಲ್ಲಿ ಮಾರಲು ಏನೂ ಇರುವುದಿಲ್ಲ. ವೀಸಾ ಕೊಡುವವನು ಅವನಲ್ಲ, ಕೆಲಸ ಕೊಡುವವನೂ ಅವನಲ್ಲ.

ಇದನ್ನು ನಮ್ಮ ಭಾಗದವರಿಗೆ ವಿವರಿಸುವುದು ನನಗೆ ಸುಲಭ. ತೊಗರಿ ರಾಶಿ ಮುಗಿಯಿತೆಂದರೆ ಊರುಗಳು ಖಾಲಿಯಾಗತೊಡಗುತ್ತವೆ. ಚಿಂಚೋಳಿ ಕಡೆಯ ತಾಂಡಾಗಳಿಂದ ಪುಣೆ, ಮುಂಬೈಗೆ. ಸುರಪುರ, ಶಹಾಪುರ, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡಗಳಿಗೆ. ಬೀದರಿನಿಂದ ಹೈದರಾಬಾದಿಗೆ. ಕಬ್ಬು ಕಡಿಯಲು ಹೋಗುವವರಂತೂ ದೀಪಾವಳಿಯ ಹೊತ್ತಿಗೇ ಗಂಟುಮೂಟೆ ಕಟ್ಟಿರುತ್ತಾರೆ. ಆಳು ಕೂಡಿಸುವ ಮುಕದ್ದಮ ಬರುತ್ತಾನೆ, ಗಂಡ ಹೆಂಡತಿಯ ಜೋಡಿಗೆ ಇಷ್ಟೆಂದು ಉಚಲ್ ಕೊಡುತ್ತಾನೆ. ಆ ಮುಂಗಡ ತೀರುವತನಕ ದುಡಿಮೆ ನಿಮ್ಮದಲ್ಲ. ಗುಳೆ ಹೋಗಿ ಬಂದ ಮನೆಗಳಿಗೆ ಇದು ಚೆನ್ನಾಗಿ ಗೊತ್ತು: ಕೆಲಸ ಶುರುವಾಗುವ ಮೊದಲೇ ತಲೆಯ ಮೇಲೆ ಕೂತ ಸಾಲ, ಕೂಲಿಯ ದರವನ್ನೂ ಬಾಯನ್ನೂ ಎರಡನ್ನೂ ಕಟ್ಟಿಹಾಕುತ್ತದೆ. ಹೊರದೇಶದ ದಲ್ಲಾಳಿ ಮಾಡುವುದು ಇದಕ್ಕಿಂತ ಒಂದು ಹೆಜ್ಜೆ ಕೆಟ್ಟದ್ದು. ಮುಕದ್ದಮ ನಿಮ್ಮ ಕೈಗೆ ದುಡ್ಡು ಕೊಟ್ಟು ಸಾಲಗಾರರನ್ನಾಗಿ ಮಾಡುತ್ತಾನೆ. ಇವನು ನಿಮ್ಮಿಂದಲೇ ದುಡ್ಡು ಕಿತ್ತುಕೊಂಡು ಸಾಲಗಾರರನ್ನಾಗಿ ಮಾಡುತ್ತಾನೆ.

ಈಗ ಯಾವ ದೇಶದ ಬಾಗಿಲು ನಮಗೆ ತೆರೆದಿದೆ, ಯಾವುದು ಇಲ್ಲ ಎನ್ನುವುದಕ್ಕೆ ಬರೋಣ. ಮುಚ್ಚಿದ ಬಾಗಿಲುಗಳನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಮೋಸ ಹೆಚ್ಚು ನಡೆಯುವುದು ಅವುಗಳ ಹೆಸರಲ್ಲೇ. ಕೆನಡಾದ 'ಸೀಸನಲ್ ಅಗ್ರಿಕಲ್ಚರಲ್ ವರ್ಕರ್ ಪ್ರೋಗ್ರಾಂ' 1966ರಲ್ಲಿ ಜಮೈಕಾದೊಂದಿಗೆ ಶುರುವಾದದ್ದು. ಇವತ್ತಿಗೂ ಅದು ಮೆಕ್ಸಿಕೋ ಮತ್ತು ಕೆರಿಬಿಯನ್ ದೇಶಗಳವರಿಗೆ ಮಾತ್ರ. ಆಸ್ಟ್ರೇಲಿಯಾದ 'ಪಾಮ್' ಯೋಜನೆ ಪೆಸಿಫಿಕ್ ದ್ವೀಪದೇಶಗಳಿಗೆ ಮತ್ತು ಪೂರ್ವ ತಿಮೋರ್‌ಗೆ ಮಾತ್ರ. ಹೊರದೇಶದ ಆಳುಗಳನ್ನು ಕರೆಯುವ ದಕ್ಷಿಣ ಕೊರಿಯಾದ 'ಇಪಿಎಸ್' ಯೋಜನೆಯ ಪಟ್ಟಿಯಲ್ಲಿ ನೇಪಾಳ ಇದೆ, ಬಾಂಗ್ಲಾದೇಶ ಇದೆ, ಭಾರತ ಇಲ್ಲ. ಈ ಮೂರರಲ್ಲಿ ಯಾವುದರ ಹೆಸರು ಹೇಳಿ ದುಡ್ಡು ಕೇಳಿದರೂ ಅಲ್ಲಿಂದ ಎದ್ದು ಬನ್ನಿ.

ಆಸ್ಟ್ರೇಲಿಯಾದ ಇನ್ನೊಂದು ವೀಸಾ ನಮ್ಮವರಿಗೆ 2024ರಿಂದ ತೆರೆದಿದೆ, 'ವರ್ಕ್ ಅಂಡ್ ಹಾಲಿಡೇ'. ವರ್ಷಕ್ಕೆ 1,000 ಭಾರತೀಯರಿಗೆ, 18ರಿಂದ 30 ವಯಸ್ಸಿನವರಿಗೆ, ಲಾಟರಿ ಎತ್ತಿ ಕೊಡುತ್ತಾರೆ. ಇಡೀ ದೇಶಕ್ಕೆ ಸಾವಿರ. ಓದು, ಇಂಗ್ಲಿಷು ಎರಡೂ ಬೇಕು. ಇದಕ್ಕೆ ಮಾಲೀಕನ ಪ್ರಾಯೋಜಕತ್ವ ಬೇಕಿಲ್ಲ, ಹಾಗಾಗಿ "ಆಸ್ಟ್ರೇಲಿಯಾ ತೋಟದ ಮಾಲೀಕನೇ ಸ್ಪಾನ್ಸರ್ ಮಾಡ್ತಾನ" ಎಂದು ಈ ವೀಸಾ ತೋರಿಸಿದರೆ ಅದೂ ಸುಳ್ಳೇ.

ತೆರೆದ ಬಾಗಿಲುಗಳಲ್ಲಿ ಬ್ರಿಟನ್ನಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ 'ಸೀಸನಲ್ ವರ್ಕರ್' ವೀಸಾ ಎಂದಿದೆ. 2019ರಲ್ಲಿ 2,500 ಜನರೊಂದಿಗೆ ಪ್ರಯೋಗವಾಗಿ ಶುರುವಾಯಿತು. ಯುರೋಪಿನ ಒಕ್ಕೂಟದಿಂದ ಬ್ರಿಟನ್ ಹೊರಬಂದ ಮೇಲೆ ರುಮೇನಿಯಾ, ಬಲ್ಗೇರಿಯಾದ ಆಳುಗಳು ಮೊದಲಿನಂತೆ ಬರುವುದು ನಿಂತು, ಹಣ್ಣು ಗಿಡದಲ್ಲೇ ಕೊಳೆಯತೊಡಗಿದಾಗ ಸಂಖ್ಯೆ ಏರಿತು. 2025ಕ್ಕೆ ಹಣ್ಣು ತರಕಾರಿ ತೋಟಗಳಿಗೆಂದೇ 43,000 ವೀಸಾ ಇಟ್ಟಿದ್ದರು. ಹೆಚ್ಚೆಂದರೆ ಆರು ತಿಂಗಳು. ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಇಂಗ್ಲಿಷ್ ಪರೀಕ್ಷೆ ಇಲ್ಲ. ಆರು ತಿಂಗಳಾದ ಮೇಲೆ ಅಲ್ಲೇ ಉಳಿಯುವ ದಾರಿ ಇಲ್ಲ.

ಇನ್ನು ಮುಖ್ಯವಾದ ಮಾತು, ಇದನ್ನು ಬರೆದಿಟ್ಟುಕೊಳ್ಳಿ. ಈ ವೀಸಾಕ್ಕೆ ತೋಟದ ಮಾಲೀಕ ನೇರವಾಗಿ ಪ್ರಾಯೋಜಕ ಆಗಲಾರ. ಅಲ್ಲಿಯ ಸರ್ಕಾರ ಒಪ್ಪಿದ ಬೆರಳೆಣಿಕೆಯ 'ಸ್ಕೀಮ್ ಆಪರೇಟರ್' ಸಂಸ್ಥೆಗಳಿವೆ. ಆಳುಗಳನ್ನು ಆರಿಸಿ, ಪ್ರಾಯೋಜಕತ್ವದ ಸಂಖ್ಯೆ ಕೊಟ್ಟು, ತೋಟಗಳಿಗೆ ಹಂಚುವವರು ಅವರೇ. ಪಟ್ಟಿ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. "ಇಂತಿಂಥ ಫಾರ್ಮಿನ ಮಾಲೀಕನೇ ನಿನಗೆ ಸೀಸನಲ್ ವೀಸಾ ಪತ್ರ ಕಳಿಸಿದ್ದಾನೆ" ಎಂದು ಯಾರಾದರೂ ತೋರಿಸಿದರೆ, ಪತ್ರದಲ್ಲಿ ಎಷ್ಟು ಚಂದದ ಮೊಹರಿದ್ದರೂ ಅದು ಖೋಟಾ. ಆಪರೇಟರ್‌ಗಳು ಆಳುಗಳಿಂದ ಕೆಲಸ ಕೊಡಿಸಿದ ಶುಲ್ಕ ತೆಗೆದುಕೊಳ್ಳುವುದು ಅಲ್ಲಿ ಕಾನೂನುಬಾಹಿರ. ವೀಸಾ ಶುಲ್ಕ (2025ರಲ್ಲಿ 319 ಪೌಂಡ್) ಮತ್ತು ವಿಮಾನದ ಟಿಕೆಟ್ಟು ಸಾಮಾನ್ಯವಾಗಿ ಆಳಿನ ಮೇಲೆ ಬೀಳುತ್ತದೆ, ಅಷ್ಟೇ. ಇನ್ನೂ ಒಂದು ನಿಜ ಹೇಳಬೇಕು. ಈ ವೀಸಾ ಎಲ್ಲ ದೇಶದವರಿಗೂ ತೆರೆದಿದ್ದರೂ ಆಪರೇಟರ್‌ಗಳು ಆಳು ಆರಿಸುವುದು ಕೆಲವೇ ದೇಶಗಳಲ್ಲಿ. ಈಚಿನ ವರ್ಷಗಳಲ್ಲಿ ಕಿರ್ಗಿಸ್ತಾನ, ತಜಿಕಿಸ್ತಾನ, ಉಜ್ಬೇಕಿಸ್ತಾನ, ಕಜಕಿಸ್ತಾನದವರೇ ಹೆಚ್ಚು. ನಮ್ಮವರಿಗೆ ಜಾಗ ಕಡಿಮೆ. ಹಾಗೆಂದೇ ಯಾರೋ ಒಬ್ಬ "ನನ್ನ ಹತ್ತಿರ ಐವತ್ತು ಸೀಟು ಅದಾವ" ಎಂದಾಗ ನಿಮ್ಮ ಕಿವಿ ನೆಟ್ಟಗಾಗಬೇಕು.

ಕೆಲಸ ಹೇಗಿರುತ್ತದೆ? ಸ್ಟ್ರಾಬೆರಿ ಈಗ ನೆಲದಲ್ಲಿ ಕಡಿಮೆ. ಉದ್ದುದ್ದ ಪ್ಲಾಸ್ಟಿಕ್ ಸುರಂಗಗಳ ಒಳಗೆ, ಸೊಂಟದೆತ್ತರದಲ್ಲಿಟ್ಟ ಉದ್ದನೆಯ ತೊಟ್ಟಿಗಳಲ್ಲಿ ಬೆಳೆಯುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಸಾಲಿಗಿಳಿಯಬೇಕು, ಬಿಸಿಲೇರಿದರೆ ಹಣ್ಣು ಮೆತ್ತಗಾಗುತ್ತದೆ. ಗಂಟೆಗೆ ಇಷ್ಟು ಕಿಲೋ ಎಂದು ಗುರಿ ಇರುತ್ತದೆ. ಹಣ್ಣು ಅದುಮದೆ, ತೊಟ್ಟು ಉಳಿಸಿಕೊಂಡು, ಗಾತ್ರ ನೋಡಿ ಬೇರೆ ಬೇರೆ ಬುಟ್ಟಿಗೆ ಹಾಕಬೇಕು. ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ನಮ್ಮ ಹೆಣ್ಣುಮಕ್ಕಳ ಬೆರಳಿಗೆ ಈ ಕೆಲಸ ಕಲಿಸಬೇಕಿಲ್ಲ ಎನ್ನುವುದು ನನ್ನ ನಂಬಿಕೆ. ಬಿಡಿಸಿದ ತೂಕದ ಮೇಲೆ ಕೂಲಿ ಕೊಟ್ಟರೂ ಗಂಟೆಯ ಕನಿಷ್ಠ ಕೂಲಿಗಿಂತ ಕಡಿಮೆ ಆಗಕೂಡದು. ವಸತಿಗೆ ಕ್ಯಾರವಾನ್, ಒಂದರಲ್ಲಿ ನಾಲ್ಕೈದು ಜನ. ಊರಿನಿಂದ ದೂರ, ಅಂಗಡಿಗೆ ವಾರಕ್ಕೊಮ್ಮೆ ಬಸ್ಸು ಬಿಡುತ್ತಾರೆ. ಮಳೆ ಬಂದರೆ, ಚಳಿ ಹಿಡಿದು ಹಣ್ಣು ತಡವಾದರೆ ಕೆಲಸ ಕಡಿಮೆ. ಇದೇ ಕಾರಣಕ್ಕೆ 2023ರ ಏಪ್ರಿಲ್‌ನಿಂದ ವಾರಕ್ಕೆ ಕನಿಷ್ಠ 32 ಗಂಟೆಯ ಕೂಲಿ ಕೊಡಲೇಬೇಕೆಂಬ ನಿಯಮ ತಂದರು.

ಈಗ ಲೆಕ್ಕ. ಮೊಬೈಲ್ ತೆಗೆಯಿರಿ, ನನ್ನ ಜೊತೆ ಹಾಕಿ. 2025ರ ಏಪ್ರಿಲ್‌ನಿಂದ ಒಂದು ವರ್ಷ ಬ್ರಿಟನ್ನಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು, ಲೆಕ್ಕಕ್ಕೆ ಆ ವರ್ಷದ ದರಗಳನ್ನೇ ಹಿಡಿಯೋಣ. ಪೌಂಡಿಗೆ ₹115 ಹಿಡಿದರೆ ಗಂಟೆಗೆ ₹1,400. ನಮ್ಮಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ ₹370. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನೇ ದಲ್ಲಾಳಿ ನಿಮ್ಮ ಕಣ್ಣ ಮುಂದೆ ಹಿಡಿಯುತ್ತಾನೆ, ಅದಕ್ಕಿಂತ ಮುಂದೆ ಲೆಕ್ಕ ಹೋಗಲು ಬಿಡುವುದಿಲ್ಲ. ನಾವು ಹೋಗೋಣ.

ವಾರಕ್ಕೆ 32 ಗಂಟೆ, ಸುಮಾರು 390 ಪೌಂಡ್. ವಸತಿಗೆಂದು ದಿನಕ್ಕೆ 10.66 ಪೌಂಡ್‌ತನಕ ಮುರಿದುಕೊಳ್ಳಬಹುದಿತ್ತು, ವಾರಕ್ಕೆ 75. ನ್ಯಾಷನಲ್ ಇನ್ಶೂರೆನ್ಸ್ ಎಂಬ ಕಡಿತ ಸುಮಾರು 12. ಊಟಕ್ಕೆ ಬಿಗಿ ಹಿಡಿದು ಖರ್ಚು ಮಾಡಿದರೂ 40. ಉಳಿಯುವುದು ವಾರಕ್ಕೆ 263 ಪೌಂಡ್. ಹೋಗಿ ಸೇರಿ, ಕೊನೆಗೆ ಹೊರಡುವ ದಿನಗಳನ್ನು ಬಿಟ್ಟರೆ 24 ವಾರ ದುಡಿಮೆ ಸಿಕ್ಕಿತೆನ್ನೋಣ: 6,312 ಪೌಂಡ್. ವೀಸಾ ಶುಲ್ಕವೂ ಎರಡೂ ಕಡೆಯ ಟಿಕೆಟ್ಟೂ ಸೇರಿ 970 ಪೌಂಡ್ ಕಳೆಯಿರಿ. ಕೈಗೆ ಉಳಿಯುವುದು ಆರು ಲಕ್ಷ ರೂಪಾಯಿಯ ಆಸುಪಾಸು. ಚಿಕ್ಕ ಮೊತ್ತವಲ್ಲ. ಎರಡೆಕರೆ ಒಣಬೇಸಾಯದ ಮನೆಗೆ ಅದು ಬೋರ್‌ವೆಲ್ಲು, ಮಗಳ ನರ್ಸಿಂಗ್ ಓದು.

ಈಗ ಇದೇ ಹುಡುಗ ದಲ್ಲಾಳಿಗೆ ₹5 ಲಕ್ಷ ಕೊಟ್ಟು ಹೋಗಿದ್ದಾನೆ ಎನ್ನಿ. ಆ ಹಣ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ತಂದದ್ದು, ನಮ್ಮ ಊರುಗಳಲ್ಲಿ ಅದು ಕಡಿಮೆ ಬಡ್ಡಿಯೇ. ಆರು ತಿಂಗಳಿಗೆ ಬಡ್ಡಿ ₹90,000. ಎಲ್ಲವೂ ಸರಿಯಾಗಿ ನಡೆದು, ಒಂದು ವಾರವೂ ಕೆಲಸ ತಪ್ಪದೆ, ಒಂದು ದಿನವೂ ಜ್ವರ ಬಾರದೆ ದುಡಿದು ಬಂದರೂ ಅವನ ಕೈಗೆ ಸಿಗುವುದು ಇಪ್ಪತ್ತು ಇಪ್ಪತ್ತೈದು ಸಾವಿರ. ಹಂಗಾಮು ಕೆಟ್ಟು ಹನ್ನೆರಡು ವಾರಕ್ಕೇ ವಾಪಸ್ ಕಳಿಸಿದರೆ? ಉಳಿಕೆ ಎರಡೂವರೆ ಲಕ್ಷ, ಸಾಲ ಬಡ್ಡಿ ಸೇರಿ ಐದೂವರೆ ಲಕ್ಷದ ಹತ್ತಿರ. ಒಂದೇ ತೋಟ, ಒಂದೇ ಸಾಲು, ಒಂದೇ ಕೂಲಿ. ಒಬ್ಬ ಮನೆ ಎತ್ತಿ ನಿಲ್ಲಿಸುತ್ತಾನೆ, ಪಕ್ಕದವನು ಹೊಲ ಬರೆದುಕೊಡುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸ ದಲ್ಲಾಳಿಗೆ ಕೊಟ್ಟ ಹಣ ಮಾತ್ರ.

ಇದು ನನ್ನ ಊಹೆಯ ಲೆಕ್ಕವೆಂದು ತಿಳಿಯಬೇಡಿ. 2022ರಲ್ಲಿ ಇಂಡೋನೇಷ್ಯಾದಿಂದ ಕೆಂಟ್ ಪ್ರಾಂತದ ತೋಟಕ್ಕೆ ಬಂದ ಆಳುಗಳ ಮೇಲೆ ಊರಿನ ದಲ್ಲಾಳಿಗಳ ಸಾಲ 5,000 ಪೌಂಡ್‌ತನಕ ಇತ್ತು ಎಂಬುದು ಬ್ರಿಟಿಷ್ ಪತ್ರಿಕೆಯಲ್ಲಿ ಬಂತು. ವೀಸಾ ಅಸಲಿ, ತೋಟ ಅಸಲಿ, ಕೆಲಸ ಅಸಲಿ. ಸಾಲವೂ ಅಸಲಿಯೇ ಆಗಿತ್ತು.

ಅಮೆರಿಕದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿಯ ಹೊಲದ ವೀಸಾ 'ಎಚ್-2ಎ'. ಸಂಖ್ಯೆಗೆ ಮಿತಿ ಇಲ್ಲ, ಆದರೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮೆಕ್ಸಿಕೋದವರು. ಅರ್ಹ ದೇಶಗಳ ಪಟ್ಟಿ ಎಂದೊಂದಿತ್ತು, ಅದರಲ್ಲಿ ಭಾರತ ಇರಲಿಲ್ಲ. 2025ರ ಜನವರಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು, ಹಾಗಾಗಿ ಕಾನೂನಿನ ಮಟ್ಟಿಗೆ ಈಗ ತಡೆ ಇಲ್ಲ. ಮಾಲೀಕ ಪುಕ್ಕಟೆ ವಸತಿ ಕೊಡಬೇಕು, ಒಪ್ಪಂದದಲ್ಲಿ ಬರೆದ ಒಟ್ಟು ಗಂಟೆಗಳ ಮುಕ್ಕಾಲು ಪಾಲಿಗಾದರೂ ಕೂಲಿ ಕೊಡಲೇಬೇಕು, ಆಳಿನಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳಬಾರದು. ಯಾವ ತೋಟ, ಯಾವ ಬೆಳೆ, ಎಷ್ಟು ಕೂಲಿ ಎಂಬುದನ್ನು ಅಲ್ಲಿಯ ಕಾರ್ಮಿಕ ಇಲಾಖೆ 'ಸೀಸನಲ್ ಜಾಬ್ಸ್' ಎಂಬ ತನ್ನ ತಾಣದಲ್ಲಿ ಬಹಿರಂಗವಾಗಿ ಹಾಕುತ್ತದೆ. ಯಾರಾದರೂ ಅಮೆರಿಕದ ತೋಟದ ಹೆಸರು ಹೇಳಿದರೆ ಅಲ್ಲಿ ಹುಡುಕಿ ನೋಡಲು ಐದು ನಿಮಿಷ ಸಾಕು.

ಕೆನಡಾದಲ್ಲಿ ನಾನು ಆಗಲೇ ಹೇಳಿದ ಹಳೆಯ ಯೋಜನೆ ನಮಗಿಲ್ಲ, ಆದರೆ 'ಅಗ್ರಿಕಲ್ಚರಲ್ ಸ್ಟ್ರೀಮ್' ಎಂಬುದು ಎಲ್ಲ ದೇಶದವರಿಗೂ ಇದೆ. ಮಾಲೀಕ 'ಎಲ್‌ಎಂಐಎ' ಎಂಬ ಒಪ್ಪಿಗೆ ಪಡೆದಿರಬೇಕು. ಹೋಗಿಬರುವ ಪ್ರಯಾಣದ ಖರ್ಚು ಅವನದು. ವಸತಿಗೆ ವಾರಕ್ಕೆ 30 ಡಾಲರ್‌ಗಿಂತ ಹೆಚ್ಚು ಮುರಿಯುವಂತಿಲ್ಲ. ಈ ಎರಡು ಸಾಲು ನೆನಪಿಟ್ಟುಕೊಂಡರೆ ಈಗ ನಾನು ಹೇಳುವ ಪತ್ರ ನಿಮಗೆ ಅರ್ಥವಾಗುತ್ತದೆ.

ಅಫಜಲಪುರ ತಾಲ್ಲೂಕಿನ ಹುಡುಗನೊಬ್ಬ ಮೊಬೈಲಿನಲ್ಲಿ ಆ ಪತ್ರ ತಂದಿದ್ದ. ಮೇಲ್ಭಾಗದಲ್ಲಿ ಕೆಂಪು ಸೇಬು, ಪಕ್ಕದಲ್ಲಿ ಕೆನಡಾದ ಎಲೆ. ಕೆಳಗೆ ನೀಲಿ ಮೊಹರು, ಅದರೊಳಗೆ ಒಂದು ಸಹಿ. ಸಂಬಳ ತಿಂಗಳಿಗೆ 3,200 ಡಾಲರ್. ನಾನು ಅವನಿಗೆ ಕೇಳಿದೆ, ಗಂಟೆಗೆ ಎಷ್ಟು? ಪತ್ರದಲ್ಲಿ ಇರಲಿಲ್ಲ. ಅಲ್ಲಿಯ ಹೊಲದ ಕೂಲಿ ಗಂಟೆ ಲೆಕ್ಕದ್ದು, ಗಂಟೆಯ ದರ ಇಲ್ಲದ ಒಪ್ಪಂದಕ್ಕೆ ಬೆಲೆ ಇಲ್ಲ. ವಾರಕ್ಕೆ ಎಷ್ಟು ಗಂಟೆ? ಇರಲಿಲ್ಲ. ಊಟ ಫ್ರೀ, ವಸತಿ ಫ್ರೀ, ಫ್ಯಾಮಿಲಿ ವೀಸಾ ಫ್ರೀ, ಎರಡು ವರ್ಷಕ್ಕೆ ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ಇರುವ ಹಕ್ಕು, ಗ್ಯಾರಂಟಿ. ತೋಟದ ವಿಳಾಸ ಬರೀ 'ಟೊರೊಂಟೊ, ಕೆನಡಾ'. ಟೊರೊಂಟೊ ಬೆಂಗಳೂರಿನಂಥ ಮಹಾನಗರ. ಸೇಬಿನ ತೋಟ ಇರುವುದು ಬ್ರಿಟಿಷ್ ಕೊಲಂಬಿಯಾದ ಓಕನಾಗನ್ ಕಣಿವೆಯಲ್ಲಿ, ನೋವಾ ಸ್ಕೋಶಿಯಾದ ಅನಾಪೊಲಿಸ್ ಕಣಿವೆಯಲ್ಲಿ, ಒಂಟಾರಿಯೋದ ಹಳ್ಳಿಗಾಡಿನಲ್ಲಿ. ಇಮೇಲ್ ವಿಳಾಸ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದದ್ದು. ಎಲ್‌ಎಂಐಎ ಸಂಖ್ಯೆ ಎಂದು ಏಳು ಅಂಕಿ ಬರೆದಿದ್ದರು. ಒಪ್ಪಿಗೆ ಪಡೆದ ಮಾಲೀಕರ ಪಟ್ಟಿಯನ್ನು ಕೆನಡಾ ಸರ್ಕಾರವೇ ಪ್ರಕಟಿಸುತ್ತದೆ. ಇಬ್ಬರೂ ಕೂತು ಹುಡುಕಿದೆವು, ಆ ತೋಟದ ಹೆಸರೇ ಅದರಲ್ಲಿ ಇಲ್ಲ. ಕೊನೆಯ ಸಾಲು: 'ಫೈಲ್ ಚಾರ್ಜ್' ₹85,000, ಮೂರು ದಿನದೊಳಗೆ. ಹಣ ಹಾಕಬೇಕಾದದ್ದು ಬೇರೆ ರಾಜ್ಯದ ಯಾವುದೋ ಹೆಣ್ಣುಮಗಳ ಸ್ವಂತ ಯುಪಿಐ ಖಾತೆಗೆ.

ಆ ಹುಡುಗ ಬಿ.ಎ. ಓದಿದವನು. ದಡ್ಡನಲ್ಲ. ಮೊಹರು, ಸಹಿ ನೋಡಿದರೆ ನಂಬಬೇಕೆಂದು ನಮ್ಮ ಕಚೇರಿಗಳು ನಮ್ಮನ್ನು ಪಳಗಿಸಿವೆ. ಹೊರದೇಶದ ಪತ್ರದಲ್ಲಿ ಮೊಹರು ನೋಡಬೇಡಿ. ಗಂಟೆಯ ಕೂಲಿ, ವಾರದ ಗಂಟೆ, ಬೆಳೆಯ ಹೆಸರು, ಹೊಲದ ವಿಳಾಸ, ಕಡಿತಗಳು, ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಏನು ಎಂಬ ಕಲಮು, ಇವನ್ನು ನೋಡಿ.

ಇಟಲಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಯುರೋಪಿನಲ್ಲಿ ನಮ್ಮ ದೇಶದ ಹೆಸರಿಟ್ಟೇ ಸುಗ್ಗಿ ಕೆಲಸಕ್ಕೆ ಜಾಗ ಮೀಸಲಿಟ್ಟದ್ದು ಅಲ್ಲಿ. 2023ರ ನವೆಂಬರಿನಲ್ಲಿ ಎರಡೂ ದೇಶಗಳು ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2023ರಿಂದ 2025ರ ಅವಧಿಗೆ ಹಂಗಾಮಿನ ಕೆಲಸಕ್ಕೂ ಉಳಿದ ಕೆಲಸಗಳಿಗೂ ಭಾರತೀಯರಿಗೆ ಸಾವಿರಾರು ಜಾಗವೆಂದಿತ್ತು. ಹಂಗಾಮಿನ ಪರವಾನಗಿ ಒಂಬತ್ತು ತಿಂಗಳತನಕ. ಮಾಲೀಕ ನಿಗದಿತ ದಿನ ಆನ್‌ಲೈನಿನಲ್ಲಿ ಅರ್ಜಿ ಹಾಕಿ 'ನುಲ್ಲಾ ಓಸ್ತಾ' ಎಂಬ ಒಪ್ಪಿಗೆ ಪಡೆಯಬೇಕು, ಅದು ಬಂದ ಮೇಲೆಯೇ ನಿಮ್ಮ ವೀಸಾ. ಕಾಗದದ ಮೇಲೆ ಎಲ್ಲ ಸರಿ. ಆದರೆ ಅಲ್ಲಿಗೆ ಇಳಿದ ಮೇಲೆ ಕರೆದ ಮಾಲೀಕ ಸಿಗದೆ ಕಾಗದವಿಲ್ಲದವರಾಗಿ ಉಳಿದವರು ಬಹಳ. ಹಾಗೆ ಉಳಿದವರನ್ನು 'ಕಪೊರಾಲೆ' ಎಂಬ ಮೇಸ್ತ್ರಿಗಳು ಹಿಡಿಯುತ್ತಾರೆ, ನಮ್ಮ ಮುಕದ್ದಮರಂತೆಯೇ. ರೋಮಿನ ದಕ್ಷಿಣಕ್ಕಿರುವ ಲಾತಿನಾ ಬಯಲಿನಲ್ಲಿ ಸಾವಿರಾರು ಪಂಜಾಬಿಗಳು ತರಕಾರಿ ಹೊಲಗಳಲ್ಲಿ ದುಡಿಯುತ್ತಾರೆ. 2024ರ ಜೂನ್‌ನಲ್ಲಿ ಅಲ್ಲಿ ಕಾಗದವಿಲ್ಲದೆ ದುಡಿಯುತ್ತಿದ್ದ ನಮ್ಮ ದೇಶದ ಒಬ್ಬ ಕೂಲಿಯ ತೋಳು ಯಂತ್ರಕ್ಕೆ ಸಿಕ್ಕು ತುಂಡಾಯಿತು. ಆಸ್ಪತ್ರೆಗೆ ಒಯ್ಯದೆ ಅವನ ಮನೆಯ ಮುಂದೆ ಬಿಟ್ಟುಹೋದರು. ಎರಡು ದಿನಕ್ಕೆ ಸತ್ತ. ಇಟಲಿಯ ಕೂಲಿಗಾರರೂ ಬೀದಿಗಿಳಿದು ಪ್ರತಿಭಟಿಸಿದರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಮಾಲೀಕನ ಹೆಸರು, ವಿಳಾಸ, ಒಪ್ಪಂದ ಕೈಯಲ್ಲಿಲ್ಲದೆ ವೀಸಾ ಒಂದನ್ನೇ ಹಿಡಿದು ಇಳಿದರೆ ಬೀಳುವ ಗುಂಡಿ ಎಷ್ಟು ಆಳ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ ಗಾಯವಿದೆ. ಕಲಬುರಗಿ ಜಿಲ್ಲೆಯ ಹುಡುಗರು ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ದಲ್ಲಾಳಿಯ ಮಾತು ನಂಬಿ ರಷ್ಯಾಕ್ಕೆ ಹೋದರು, ಯುಕ್ರೇನ್ ಗಡಿಯ ಯುದ್ಧಕ್ಕೆ ತಳ್ಳಿಸಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಜೀವ ಉಳಿಸಿಕೊಂಡು ಮನೆಗೆ ಬಂದರು. ಆ ತಂದೆ ತಾಯಿಗಳು ತಿಂಗಳುಗಟ್ಟಲೆ ಫೋನ್ ಹಿಡಿದು ಕೂತದ್ದನ್ನು ಈ ಸಭೆಯಲ್ಲಿ ಹಲವರು ಬಲ್ಲಿರಿ. ಅವರಿಗೂ ಕೆಲಸ ಕೊಡುವವನ ಹೆಸರು ಗೊತ್ತಿರಲಿಲ್ಲ, ದಲ್ಲಾಳಿಯ ಹೆಸರು ಮಾತ್ರ ಗೊತ್ತಿತ್ತು.

ಇನ್ನು ನಮ್ಮ ಕಡೆಯ ಕಾನೂನು. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವವನು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಪರವಾನಗಿ ಇದ್ದವರ, ರದ್ದಾದವರ, ಅಕ್ರಮ ಏಜೆಂಟರ ಪಟ್ಟಿ ಮೂರೂ 'ಇ-ಮೈಗ್ರೇಟ್' ತಾಣದಲ್ಲಿವೆ. ಪರವಾನಗಿ ಇದ್ದವನೂ ಸೇವಾ ಶುಲ್ಕವೆಂದು ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚು ತೆಗೆದುಕೊಳ್ಳುವಂತಿಲ್ಲ. ರಸೀದಿ ಕೊಡಲೇಬೇಕು. ಹೋಗುವ ದೇಶದಲ್ಲೇ ಶುಲ್ಕ ನಿಷೇಧ ಇದ್ದರೆ ಅದನ್ನೂ ಕೊಡಬೇಡಿ. ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಹೊರದೇಶಕ್ಕೆ ದುಡಿಯಲು ಹೋಗುವವರ ಹಿತ ನೋಡುವ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' ಕಚೇರಿ ಇದೆ. ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದಡಿ ಹೊರದೇಶಕ್ಕೆ ಕಳಿಸುವ ಕೇಂದ್ರವೂ ಇದೆ. ಖಾಸಗಿಯವರ ಬಾಗಿಲಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ಒಂದು ದೊಡ್ಡ ಬಿರುಕು ಈ ಕಾನೂನಿನಲ್ಲಿದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನ ಮೇಲೆ 'ಇಸಿಆರ್' ಎಂದು ಬರುತ್ತದಲ್ಲ, ಅಂಥವರು ಸೌದಿ, ಕುವೈತ್, ಕತಾರ್ ಮುಂತಾದ 18 ದೇಶಗಳಿಗೆ ಹೋಗುವಾಗ ಮಾತ್ರ ಸರ್ಕಾರದ ಅಧಿಕಾರಿ ಒಪ್ಪಂದ ಪರಿಶೀಲಿಸಿ ಅನುಮತಿ ಕೊಡುತ್ತಾರೆ. ಬ್ರಿಟನ್, ಇಟಲಿ, ಕೆನಡಾ ಆ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಹೊರಟ ನಿಮ್ಮ ಒಪ್ಪಂದವನ್ನು ನಮ್ಮ ಸರ್ಕಾರದ ಯಾರೂ ಓದುವುದಿಲ್ಲ. ಅಕ್ರಮ ನೇಮಕಾತಿಗೆ ಕಾಯ್ದೆ ಇಟ್ಟ ಶಿಕ್ಷೆ ಎರಡು ವರ್ಷದತನಕ ಜೈಲು, ದಂಡ ₹2,000ದವರೆಗೆ. ಲಕ್ಷ ಲಕ್ಷ ಎತ್ತುವವನಿಗೆ ಎರಡು ಸಾವಿರದ ದಂಡ. ಈ ಕಾಯ್ದೆ ಬದಲಾಗಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಓದಿದವರು, ಅದರಲ್ಲೂ ಕೃಷಿ ಡಿಪ್ಲೊಮಾ ಮಾಡಿದವರು ಜಪಾನಿನ ಕಡೆ ನೋಡಬೇಕೆಂದು ನನ್ನ ಸಲಹೆ. 2019ರಲ್ಲಿ ಶುರುವಾದ 'ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್' ವೀಸಾದಲ್ಲಿ ಕೃಷಿಯೂ ಒಂದು ಕ್ಷೇತ್ರ. 2021ರಲ್ಲಿ ಭಾರತದೊಂದಿಗೆ ಒಪ್ಪಂದವಾಗಿದೆ. ಕೃಷಿ ಕೌಶಲದ ಪರೀಕ್ಷೆ ಮತ್ತು ಜಪಾನಿ ಭಾಷೆಯ ಎನ್4 ಮಟ್ಟದ ಪರೀಕ್ಷೆ ಪಾಸಾಗಬೇಕು. ಒಟ್ಟು ಐದು ವರ್ಷದತನಕ ದುಡಿಯಬಹುದು. ಭಾಷೆ ಕಲಿಯಲು ತಿಂಗಳುಗಳೇ ಬೇಕು, ಅದೇ ಇದರ ಕಷ್ಟ. ಆದರೆ ಇಲ್ಲಿ ಖರ್ಚಾಗುವುದು ನಿಮ್ಮ ಶ್ರಮ, ಆ ಕಲಿಕೆಯನ್ನು ಯಾರೂ ಕಸಿದುಕೊಳ್ಳಲಾರರು.

ಹೊರಟವರಿಗೆ ಕೆಲವು ಚಿಕ್ಕ ಮಾತು. ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಸೇರಿ ಎಷ್ಟೋ ಅರ್ಜಿ ನಿಂತುಹೋಗುತ್ತವೆ. ಪಾಸ್‌ಪೋರ್ಟ್ ಕಲಬುರಗಿಯಲ್ಲೇ ಆಗುತ್ತದೆ, 36 ಪುಟದ್ದಕ್ಕೆ ಶುಲ್ಕ ₹1,500. ಒಪ್ಪಂದದ ಒಂದು ಪ್ರತಿ ಮನೆಯಲ್ಲಿರಲಿ. ಅಲ್ಲಿ ಪಾಸ್‌ಪೋರ್ಟನ್ನು ಯಾವ ಮಾಲೀಕನ ಕೈಗೂ ಇಡಬೇಡಿ. ಪ್ರತಿದಿನ ಎಷ್ಟು ಗಂಟೆಗೆ ಇಳಿದಿರಿ, ಎಷ್ಟಕ್ಕೆ ಬಿಟ್ಟಿರಿ ಎಂದು ಡೈರಿಯಲ್ಲಿ ಬರೆಯಿರಿ. ಕೂಲಿಯ ತಕರಾರು ಬಂದ ದಿನ ಆ ಡೈರಿ ನಿಮ್ಮ ಸಾಕ್ಷಿ. ದೂರು ಕೊಡಲು ವಿದೇಶಾಂಗ ಸಚಿವಾಲಯದ 'ಮದದ್' ತಾಣವಿದೆ.

ಪ್ರಶ್ನೆಗಳ ಹೊತ್ತಿಗೆ ತಾಂಡಾದಿಂದ ಬಂದ ತಾಯಿಯೊಬ್ಬರು ಎದ್ದು ನಿಂತರು. "ಕಬ್ಬಿಗೆ ನಾವು ಜೋಡಿ ಹೋಗ್ತೀವಿ. ಅಲ್ಲಿಗೂ ಗಂಡ ಹೆಂಡ್ತಿ ಕೂಡಿ ಹೋಗಬೌದೇನ್ರಿ?" ಹೋಗಬಹುದು, ಆದರೆ ಜೋಡಿ ಎಂದಲ್ಲ. ಇಬ್ಬರೂ ಬೇರೆ ಬೇರೆಯಾಗಿ ಆಯ್ಕೆಯಾಗಬೇಕು, ಇಬ್ಬರಿಗೂ ಬೇರೆ ವೀಸಾ, ಬೇರೆ ಒಪ್ಪಂದ, ಬೇರೆ ಬ್ಯಾಂಕ್ ಖಾತೆ. ಕೂಲಿ ಆಕೆಯ ಹೆಸರಿಗೇ ಬರುತ್ತದೆ. ಕಬ್ಬಿನ ಹೊಲದಲ್ಲಿ ಜೋಡಿಯ ದುಡಿಮೆ ಗಂಡನ ಲೆಕ್ಕಕ್ಕೆ ಬೀಳುವುದನ್ನು ಕಂಡ ನನಗೆ ಇದು ದೊಡ್ಡ ವಿಷಯವಾಗಿ ಕಾಣುತ್ತದೆ. ಮಕ್ಕಳನ್ನು ಮಾತ್ರ ಊರಲ್ಲೇ ಬಿಡಬೇಕು. ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತೀರ್ಮಾನವಾಗದೆ ಅರ್ಜಿ ಹಾಕಬೇಡಿ.

ಇನ್ನೊಬ್ಬ ಹುಡುಗ ಕೈ ಎತ್ತಿದ. ಅವನ ಅಣ್ಣ ಆಗಲೇ ದುಡ್ಡು ಕಟ್ಟಿದ್ದಾನಂತೆ, ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ. ಅಂಥವರು ಈ ಊರಿನಲ್ಲಿ ಅವನೊಬ್ಬನೇ ಅಲ್ಲ, ಆದ್ದರಿಂದ ಎಲ್ಲರಿಗೂ ಕೇಳುವಂತೆ ಉತ್ತರ ಹೇಳಿದೆ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಖಾತೆಯಲ್ಲಿ ಉಳಿದ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೆಸೇಜು, ಧ್ವನಿ ಸಂದೇಶ, ಹಣ ಹಾಕಿದ ಚಿತ್ರ, ಯಾವುದನ್ನೂ ಅಳಿಸಬೇಡಿ. ಪೊಲೀಸ್ ಠಾಣೆಯಲ್ಲಿ ದೂರು ಕೊಡುವಾಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ಜೊತೆಗೆ ಎಮಿಗ್ರೇಷನ್ ಕಾಯ್ದೆಯನ್ನೂ ಸೇರಿಸಲು ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಉಚಿತ, ಫೋನ್ ಸಂಖ್ಯೆ 15100. ದೂರು ಕೊಟ್ಟರೆ ವೀಸಾ ತಪ್ಪುತ್ತದೆ ಎಂದು ದಲ್ಲಾಳಿ ಹೆದರಿಸುತ್ತಾನೆ. ತಪ್ಪಲು ಅವನ ಹತ್ತಿರ ವೀಸಾ ಇಲ್ಲ. ನಿಮ್ಮ ಅಣ್ಣನನ್ನು ಕರೆದುಕೊಂಡು ಬಾ, ಅವನ ಮೊಬೈಲು ತರಲು ಹೇಳು, ನಾಳೆ ಬೆಳಿಗ್ಗೆ ಕೋರ್ಟು ಶುರುವಾಗುವ ಮೊದಲೇ ದೂರು ಬರೆಯೋಣ.